ಊಜಿ ನೊಣಕ್ಕೆ ನಾಲ್ಕು ಸಾವಿರ ಲೈಕು

ನಮ್ಮ ಮನೆಯಲ್ಲಿ ಹುಳಕ್ಕಿರುವ ಮರ್ಯಾದೆ ನನಗಿಲ್ಲ. ಇದು ಗೊಣಗಾಟವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ನನ್ನ ಹೆಂಡತಿ ರೇಷ್ಮೆ ಹುಳ ಸಾಕುತ್ತಾಳೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟದ ಅಂಚಿಗೆ ಶೀಟು ಹೊದಿಸಿದ ಉದ್ದನೆಯ ಕೊಠಡಿಯೊಂದಿದೆ, ಅದೇ ಹುಳದ ಮನೆ. ಅದರೊಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕಾಲು ಅದ್ದಬೇಕು, ಕೈ ತೊಳೆಯಬೇಕು. ಬೀಡಿ ಸೇದಿದವರಿಗೆ ಪ್ರವೇಶವಿಲ್ಲ. ಹುಳ ಮೇಯುವಷ್ಟು ದಿನ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಸೊಳ್ಳೆಬತ್ತಿಯಂತೂ ಇಲ್ಲವೇ ಇಲ್ಲ. ಸೊಳ್ಳೆ ನನ್ನನ್ನು ಎಷ್ಟು ಬೇಕಾದರೂ ಕಚ್ಚಬಹುದು, ಹುಳಕ್ಕೆ ಮಾತ್ರ ತಲೆನೋವು ಬರಬಾರದು.

ಇವೆಲ್ಲದರ ಮೇಲೆ ಇನ್ನೊಂದು ಕಟ್ಟಪ್ಪಣೆ: ಅಲ್ಲಿ ಫೋಟೋ ತೆಗೆಯುವಂತಿಲ್ಲ. "ಉಳುಕ್ಕೆ ಕಣ್ ಬಿದ್ರೆ ಮೇವು ಬುಟ್ಬುಡ್ತವೆ" ಎನ್ನುತ್ತಾಳೆ. ಕಾಲನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿಕೊಂಡೇ ನಾನು ಅವಳಿಗೆ ಮೂಢನಂಬಿಕೆಯ ವಿರುದ್ಧ ಎಷ್ಟು ಭಾಷಣ ಬಿಗಿದಿದ್ದೇನೋ ಲೆಕ್ಕವಿಲ್ಲ. ಅವಳು ಸೊಪ್ಪು ಹರಡುತ್ತಾ ಕೇಳಿಸಿಕೊಳ್ಳುವಳು. ಹುಳಗಳು ಸೊಪ್ಪು ತಿನ್ನುವ ಸದ್ದು ಎಷ್ಟು ಜೋರಾಗಿರುತ್ತದೆಂದರೆ ನನ್ನ ಭಾಷಣ ನನಗೇ ಕೇಳಿಸುತ್ತಿರಲಿಲ್ಲ.

ಹೋದ ಬೆಳೆ ಪೂರ್ತಿ ಹೋಗಿತ್ತು. ಪಕ್ಕದ ಹೊಲದವರು ಟೊಮೇಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ನಮ್ಮ ಸೊಪ್ಪಿನ ಮೇಲೆ ಕೂತು, ತಟ್ಟೆ ತಟ್ಟೆ ಹುಳ ಹಸಿರು ಕಕ್ಕಿಕೊಂಡು ಸತ್ತವು. ಜಮೀನು ನನ್ನದೂ ಅಣ್ಣನದೂ ಸೇರಿದ್ದು, ಉಸ್ತುವಾರಿ ಅಣ್ಣನದು. ಅವನಿಗೆ ಕಬ್ಬಿನ ಮೇಲೇ ಕಣ್ಣು. ನಮ್ಮೂರಲ್ಲಿ ಹುಳ ಸಾಕುವವರೆಲ್ಲ ಒಬ್ಬೊಬ್ಬರಾಗಿ ಕಬ್ಬಿಗೆ ಹೋಗಿ, ಕೊನೆಗೆ ಉಳಿದವಳು ಇವಳೊಬ್ಬಳೇ. ಸತ್ತ ಹುಳವನ್ನೆಲ್ಲ ಗುಂಡಿಗೆ ಹಾಕಿದ ದಿನ ಅಣ್ಣ ಜಗಲಿಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಇನ್ನೊಂದ್ ಬೆಳೆ ನೋಡ್ತೀನಿ. ಅದೂ ಕೈ ಕೊಡ್ತೋ, ಇಪ್ನೇರ್ಳೆ ಕಡ್ಡಿ ಕೀಳ್ಸಿ ಕಬ್ ಆಕ್ಬುಡ್ತೀನಿ. ಆಮೇಲ್ ಯಾರೂ ಅತ್ಕಂಡ್ ಬರ್ಬ್ಯಾಡಿ."

ಇವಳು ಅಳಲಿಲ್ಲ. ಮಾರನೆಯ ದಿನ ಪೇಟೆಗೆ ಹೋಗಿ ಹೊಸ ನೈಲಾನ್ ಬಲೆ ಕೊಂಡುತಂದು ಹುಳದ ಮನೆಯ ಕಿಟಕಿ, ಬಾಗಿಲು, ಸೂರಿನ ಸಂದು ಎಲ್ಲಕ್ಕೂ ತಾನೇ ಕೂತು ಹೊಲಿದಳು. ರೇಷ್ಮೆಯವರಿಗೆ ಯಮನೆಂದರೆ ಊಜಿ ನೊಣ. ಮನೆನೊಣಕ್ಕಿಂತ ದಪ್ಪ, ಬೂದು ಮೈ, ಬೆನ್ನಿನ ಮೇಲೆ ಕಪ್ಪು ಗೆರೆ. ಹುಳದ ಮೈ ಮೇಲೆ ಒಂದು ಮೊಟ್ಟೆ ಅಂಟಿಸಿ ಹೋಗುತ್ತದೆ, ಅಷ್ಟೇ. ಮರಿ ಒಳಕ್ಕೆ ಕೊರೆದುಕೊಂಡು ಹೋಗಿ ಹುಳವನ್ನು ಜೀವಂತ ತಿನ್ನುತ್ತದೆ. ಮೊಟ್ಟೆ ಕೂತ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಆ ಹುಳ ಗೂಡು ಕಟ್ಟಿದರೂ ಮರಿ ಗೂಡನ್ನು ತೂತು ಮಾಡಿಕೊಂಡು ಆಚೆ ಬರುವುದರಿಂದ ನೂಲು ಬಿಚ್ಚಲು ಬಾರದು.

ಇನ್ನು ನನ್ನ ವಿಷಯ. ಕೆ.ಆರ್. ಪೇಟೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಇಪ್ಪತ್ತು ಚಿಲ್ಲರೆ ವರ್ಷ ಮದುವೆ ಫೋಟೋ ತೆಗೆದೆ. ಅಂದರೆ ಇಪ್ಪತ್ತು ಚಿಲ್ಲರೆ ವರ್ಷ ಹೆಣ್ಣುಮಕ್ಕಳನ್ನು ಬೆಳ್ಳಗೆ ಮಾಡಿದೆ. "ಒಸಿ ಬೆಳ್ಳುಗ್ ಬರಂಗ್ ಮಾಡಣ್ಣ" ಎಂದು ಮದುಮಗಳ ತಾಯಿ ಹೇಳದ ಮದುವೆ ನನಗೆ ನೆನಪಿಲ್ಲ. ಆಮೇಲೆ ಡ್ರೋನ್ ಹಾರಿಸುವ ಹೈಕಳು ಬಂದರು, ಮದುವೆ ಆಕಾಶಕ್ಕೆ ಹೋಯಿತು, ನಾನು ನೆಲದ ಮೇಲೆ ಉಳಿದೆ. ಪಾಸ್‌ಪೋರ್ಟ್ ಸೈಜು, ಆಧಾರ್ ಜೆರಾಕ್ಸು. ಒಂದು ಮಧ್ಯಾಹ್ನ ಗಿರಾಕಿ ಯಾರೂ ಇಲ್ಲದೆ ಆಕಳಿಸುತ್ತಿದ್ದಾಗ ಲೈಟಿನ ಕೊಡೆಯ ಮೇಲೆ ಒಂದು ಜಿಗಿಯುವ ಜೇಡ ಕೂತು ನನ್ನನ್ನೇ ದಿಟ್ಟಿಸುತ್ತಿತ್ತು. ತಾಳಿ, ಉಂಗುರಗಳನ್ನು ಹತ್ತಿರದಿಂದ ತೆಗೆಯಲೆಂದು ಕೊಂಡಿದ್ದ ಲೆನ್ಸು ಕೈಗೆ ಸಿಕ್ಕಿತು. ಫೋಟೋದಲ್ಲಿ ಅದಕ್ಕೆ ಎಂಟು ಕಣ್ಣು, ಎಂಟರಲ್ಲೂ ನನ್ನ ಸ್ಟುಡಿಯೋದ ಟ್ಯೂಬ್‌ಲೈಟು. ಬೆಳ್ಳಗೆ ಮಾಡು ಎಂದು ಅದು ಕೇಳಲಿಲ್ಲ. ನನಗೆ ಅಷ್ಟಕ್ಕೇ ಅದರ ಮೇಲೆ ಪ್ರೀತಿ ಹುಟ್ಟಿತು.

ಅದನ್ನು ಹಾಕಲು ಜಾಗ ಹುಡುಕುತ್ತಾ ಫೇಸ್‌ಬುಕ್ಕಿನಲ್ಲಿ ಒಂದು ಗುಂಪು ಸಿಕ್ಕಿತು. ಜೇಡ, ಜಿರಳೆ, ಬಸವನಹುಳು, ಎರೆಹುಳು, ಸಗಣಿಹುಳು, ಹೀಗೆ ಯಾರೂ ತಿರುಗಿ ನೋಡದ ಜೀವಿಗಳನ್ನು ಕೊಂಡಾಡುವುದೇ ಅದರ ಕೆಲಸ. ಹುಲಿ, ಆನೆ, ನವಿಲು ಹಾಕಿದರೆ ಕತ್ತು ಹಿಡಿದು ಆಚೆ ನೂಕುತ್ತಾರೆ. ಯಾವುದನ್ನೂ ಅಸಹ್ಯ ಅನ್ನುವಂತಿಲ್ಲ, ಕೊಲ್ಲುವುದು ಹೇಗೆಂದು ಕೇಳುವಂತಿಲ್ಲ, ಫೋಟೋ ತೆಗೆದ ಮೇಲೆ ಜೀವಿಯನ್ನು ಇದ್ದಲ್ಲೇ ಇದ್ದ ಹಾಗೆ ಬಿಟ್ಟು ಬರಬೇಕು. ಅಲ್ಲಿರುವವರಲ್ಲಿ ಮುಕ್ಕಾಲು ಪಾಲು ಹತ್ತನೇ ಮಹಡಿಯಲ್ಲಿ ವಾಸಿಸುವವರು. ತಿಂಗಳಿಗೊಮ್ಮೆ ಮನೆಗೆ ಜಿರಳೆ ಔಷಧಿ ಹೊಡೆಸಿ, ಅದು ಒಣಗುವವರೆಗೆ ಬಾಲ್ಕನಿಯಲ್ಲಿ ಕೂತು ನನ್ನ ಜೇಡಕ್ಕೆ ಹೃದಯ ಒತ್ತುತ್ತಾರೆ. ಹಾಗೆಂದು ನಾನೇನು ಅವರ ಹೃದಯ ಬೇಡ ಅಂದೆನೇ? ಮೊದಲ ದಿನ ಅರವತ್ತು ಬಂತು. ಯಾವ ಮದುವೆಯ ಆಲ್ಬಮ್ಮನ್ನೂ ಅರವತ್ತು ಜನ ನೋಡಿದ್ದು ನನಗೆ ಗೊತ್ತಿಲ್ಲ.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ಸ್ಕೂಟರ್ ಹತ್ತಿ ಹೊರಡುವುದು. ಒಮ್ಮೆ ಶ್ರೀರಂಗಪಟ್ಟಣದಲ್ಲಿ ಹೊಳೆಯ ಮೆಟ್ಟಿಲ ಮೇಲೆ ಬೋರಲು ಮಲಗಿ, ಪೊರೆ ಕಳಚುತ್ತಿದ್ದ ಏರೋಪ್ಲೇನ್ ಚಿಟ್ಟೆಯನ್ನು ಕಾಯುತ್ತಿದ್ದೆ. ಅಸ್ಥಿ ಬಿಡಿಸುವ ಪುರೋಹಿತರೊಬ್ಬರು ಹತ್ತಿರ ಬಂದು ಬಹಳ ಮೆಲ್ಲಗೆ, "ಯಾರ್ದು ಸ್ವಾಮಿ? ತಂದೆಯೋರ್ದಾ?" ಎಂದು ಕೇಳಿದರು. ಗೋವಿಂದನಹಳ್ಳಿಯ ಗುಡಿಯಲ್ಲಿ ಜನ ಐದು ಲಿಂಗಕ್ಕೆ ಕೈ ಮುಗಿಯುತ್ತಿದ್ದರೆ ನಾನು ದ್ವಾರಪಾಲಕನ ಹೊಕ್ಕುಳಲ್ಲಿ ಮಣ್ಣಿನ ಗೂಡು ಕಟ್ಟಿದ್ದ ಕಣಜಕ್ಕೆ ಫೋಕಸ್ ಮಾಡುತ್ತಿದ್ದೆ. "ಹೊಯ್ಸಳರ ಕಾಲದ ಕೊನೆಯ ಶಿಲ್ಪಿ" ಎಂದು ಅಡಿಬರಹ ಬರೆದೆ. ಆ ಸಾಲನ್ನು ನಾನೇ ಹತ್ತು ಸಲ ಓದಿಕೊಂಡೆ.

ಹಳ್ಳಿಯ ಕಡೆ ಹೋದರೆ ಬೇರೆಯೇ ಕಥೆ. ನಾಗಮಂಗಲದ ಹೊಣಕೆರೆ ಹತ್ತಿರ ಒಬ್ಬ ಯಜಮಾನರ ಅವರೆ ಗಿಡದಲ್ಲಿ ಪಚ್ಚೆ ಬಣ್ಣದ ಚಿಪ್ಪಿನ ತಿಗಣೆ ಸಿಕ್ಕಿತು. ಕ್ಯಾಮರಾದಲ್ಲಿ ಅವರಿಗೂ ತೋರಿಸಿದೆ. ತುಂಬಾ ಹೊತ್ತು ನೋಡಿದರು. ಅವರ ಮುಖದಲ್ಲಿ ಬೆರಗು ಮೂಡುತ್ತಿದೆ ಅಂದುಕೊಂಡೆ. "ಪಸಂದಾಗದೆ. ಇದ್ಕೆ ಯಾವ್ ಔಸ್ತಿ ಒಡೀಬೇಕು?" ಎಂದರು. ನಾಲ್ಕು ತಾಲ್ಲೂಕಿನಲ್ಲಿ ನಾನು ಎಲ್ಲಿ ಕ್ಯಾಮರಾ ತೆಗೆದರೂ ಕೊನೆಗೆ ಬರುವುದು ಇದೇ ಪ್ರಶ್ನೆ. ನನ್ನನ್ನು ಕಂಪನಿಯ ಏಜೆಂಟು ಎಂದುಕೊಂಡು ಬಾಟಲಿ ಕೇಳಿದವರೂ ಇದ್ದಾರೆ.

ಪಾಂಡವಪುರದ ಚಿನಕುರಳಿ ಕಡೆ ಕಲ್ಲು ಕ್ವಾರಿಯ ದಾರಿಯಲ್ಲಿ ಜಾಲಿ ಗಿಡಕ್ಕೆ ಕಡ್ಡಿಚೀಲದ ಹುಳಗಳು ಜೋತಾಡುತ್ತಿದ್ದವು. ಸುತ್ತ ಕಡ್ಡಿ ಅಂಟಿಸಿಕೊಂಡು ಅದರೊಳಗೇ ಬದುಕುವ ಹುಳ ಅದು. ಎಲ್ಲ ಕಡೆ ಕಂದು ಬಣ್ಣ, ಇಲ್ಲಿ ಅಚ್ಚ ಬಿಳಿ. ಫೋಟೋ ಹಾಕಿದೆ. ಗುಂಪಿನಲ್ಲಿ ಭೂಕಂಪವೇ ಆಯಿತು. ಹೊಸ ಜಾತಿ ಇರಬಹುದೇ ಎಂದರು, ಯಾರೋ ಲ್ಯಾಟಿನ್ ಹೆಸರಿನಲ್ಲಿ ಜಗಳವಾಡಿದರು, ಸುಣ್ಣದ ಮಣ್ಣಿಗೆ ಹೊಂದಿಕೊಂಡ ವಿಕಾಸ ಎಂದು ಒಬ್ಬರು ಪುಟಗಟ್ಟಲೆ ಬರೆದರು. ಅದು ಜಲ್ಲಿ ಕ್ರಷರಿನ ಧೂಳು. ಉಫ್ ಅಂದಿದ್ದರೆ ಹೋಗುತ್ತಿತ್ತು. ನನಗೆ ಗೊತ್ತಿತ್ತು. ಲೈಕುಗಳು ಬರುತ್ತಲೇ ಇದ್ದವು, ನಾನು ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿದ್ದೆ. ಮಳೆ ಬಂದು ಎಲ್ಲ ತೊಳೆದುಹೋಯಿತು.

ಆಗ ಗುಂಪಿನವರು ಒಂದು ವಾರ ಘೋಷಿಸಿದರು: ಎಲ್ಲರೂ ದ್ವೇಷಿಸುವ ಜೀವಿಗಳ ವಾರ. ಅತ್ಯಂತ ತಿರಸ್ಕೃತ ಜೀವಿಯನ್ನು ಅತ್ಯಂತ ಸುಂದರವಾಗಿ ತೋರಿಸಿದವರ ಚಿತ್ರವನ್ನು ಗುಂಪಿನ ಹಣೆಯ ಮೇಲೆ ತಿಂಗಳಿಡೀ ಇಡುತ್ತಾರಂತೆ. ಸೊಳ್ಳೆ ಹಾಕುವವರು ನೂರು ಜನ, ಜಿರಳೆ ಹಾಕುವವರು ಇನ್ನೂರು ಜನ. ಊಜಿ ನೊಣ ಹಾಕುವವನು ನಾನೊಬ್ಬನೇ ಎಂದು ನನಗೆ ಹೊಳೆಯಿತು. ಅದಕ್ಕಿಂತ ತಿರಸ್ಕಾರಕ್ಕೆ ಒಳಗಾದ ಪ್ರಾಣಿ ಯಾವುದಿದೆ? ಅದರ ಹೆಸರೆತ್ತಿದರೆ ನನ್ನ ಹೆಂಡತಿ ನೆಲಕ್ಕೆ ಉಗಿಯುತ್ತಾಳೆ.

ಆ ಸೋಮವಾರ ಹುಳ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ಹುಳ ಪೊರೆ ಬಿಡುವ ಮುನ್ನ ಮೇವು ಬಿಟ್ಟು ತಲೆಯೆತ್ತಿ ಮಲಗುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ನಾಲ್ಕನೆಯದು ಮುಗಿದರೆ ಒಂದು ವಾರದಲ್ಲಿ ಹುಳ ಹಣ್ಣಾಗಿ ಗೂಡಿಗೆ ಕೂರುತ್ತದೆ. ಬೆಳೆ ಅಷ್ಟು ಚೆನ್ನಾಗಿತ್ತು, ಇವಳು ನಗುನಗುತ್ತಾ ಓಡಾಡುತ್ತಿದ್ದಳು. ಮಧ್ಯಾಹ್ನ ಅವಳು ಸೊಪ್ಪು ಕೊಯ್ಯಲು ತೋಟಕ್ಕೆ ಹೋದಳು. ನಾನು ಹುಳದ ಮನೆಯ ಹತ್ತಿರ ಹೋಗಿ ನೋಡಿದರೆ ಬಾಗಿಲ ಬಲೆಯ ಹೊರಗಡೆ ಊಜಿ ನೊಣ ಕೂತು ಒಳಗೆ ಹೋಗುವ ದಾರಿ ಹುಡುಕುತ್ತಿತ್ತು.

ಬಲೆಯ ಮೇಲೇ ಫೋಟೋ ತೆಗೆದೆ. ಚೆನ್ನಾಗಿ ಬರಲಿಲ್ಲ. ನೊಣ ಹುಳದ ಮೇಲೆ ಕೂತರೆ ಅಲ್ಲವೇ ಅದರ ಮಹಿಮೆ? ಮದುವೆಯಲ್ಲಿ ಗಂಡು ಇಲ್ಲದೆ ಹೆಣ್ಣನ್ನು ಒಂಟಿಯಾಗಿ ನಿಲ್ಲಿಸಿ ಫೋಟೋ ತೆಗೆದ ಹಾಗಾಯಿತು. ಒಂದೇ ಒಂದು ಹುಳ, ಒಂದೇ ಒಂದು ಮೊಟ್ಟೆ, ಆಮೇಲೆ ಹೊಡೆದು ಹಾಕಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಬಲೆಯ ಬಾಗಿಲನ್ನು ಸರಿಸಿ ಸ್ಟೂಲು ಒತ್ತುಕೊಟ್ಟು ನಿಲ್ಲಿಸಿದೆ. ಹಾಗೆ ನಿಲ್ಲಿಸಿದ್ದು ನೊಣಕ್ಕಾಗಿ ಮಾತ್ರ ಅಲ್ಲ, ಬೆಳಕಿಗೆ. ಬಲೆ ಮುಚ್ಚಿದ್ದರೆ ಒಳಗೆ ಬೆಳಕು ಮಬ್ಬು. ಕಾಲು ಮಾತ್ರ ಬ್ಲೀಚಿಂಗ್ ನೀರಿನಲ್ಲಿ ಅದ್ದಿಕೊಂಡೇ ಒಳಗೆ ಹೋದೆ, ನಿಯಮ ನಿಯಮವೇ.

ನೊಣ ಬಂತು. ಇಷ್ಟು ವರ್ಷದಲ್ಲಿ ಅಂಥ ವಧುವನ್ನು ನಾನು ಕಂಡಿರಲಿಲ್ಲ. ಇಟ್ಟಿಗೆ ಬಣ್ಣದ ಕಣ್ಣು, ರೆಕ್ಕೆಯಲ್ಲಿ ಗಾಜಿನ ಮಿಂಚು. ಬಿಳಿ ಹುಳದ ಬೆನ್ನಿನ ಮೇಲೆ ಇಳಿದು, ಬಾಲ ಬಾಗಿಸಿ, ಗುಂಡುಸೂಜಿಯ ತಲೆಯಷ್ಟು ಮೊಟ್ಟೆಯನ್ನು ಅಂಟಿಸಿತು. ಹುಳ ಒಮ್ಮೆ ತಲೆ ಕೊಡವಿತು. ಅಷ್ಟರಲ್ಲಿ ಫೋಕಸ್ ತಪ್ಪಿ ಫೋಟೋ ಮಸುಕಾಯಿತು. ಇನ್ನೊಂದು ಹುಳಕ್ಕೆ ಹಾರಿತು, ಅಲ್ಲಿ ಫ್ಲ್ಯಾಶು ಜಾಸ್ತಿಯಾಯಿತು. ಮತ್ತೊಂದು, ಮಗದೊಂದು. ನಾನು ತಟ್ಟೆಯಿಂದ ತಟ್ಟೆಗೆ ಅದರ ಹಿಂದೆ ಹೋದೆ. ಅರ್ಧ ಗಂಟೆಯಾದರೂ ಆಗಿರಬೇಕು. ತೆರೆದ ಬಾಗಿಲಲ್ಲಿ ಅದರ ಬಳಗ ಎಷ್ಟು ಒಳಗೆ ಬಂತೋ ನಾನು ತಿರುಗಿ ನೋಡಲಿಲ್ಲ. ಫೋಟೋ ಸಿಕ್ಕಿದ ಮೇಲೆ ಹೊಡೆಯಲು ಟವೆಲ್ ಎತ್ತಿದವನಿಗೆ ಗುಂಪಿನ ನಿಯಮ ನೆನಪಾಯಿತು. ಇದ್ದಲ್ಲೇ, ಇದ್ದ ಹಾಗೆ ಬಿಡಬೇಕು. ಟವೆಲ್ ಬೀಸಿ ಅದನ್ನು ಆಚೆ ಕಳಿಸಿದೆ ಅಂದುಕೊಂಡು ಬಾಗಿಲು ಹಾಕಿದೆ. ಆಗ ನನ್ನಂಥ ಸಜ್ಜನ ಇನ್ನೊಬ್ಬನಿಲ್ಲ ಎಂದು ನನಗೆ ಅನ್ನಿಸಿತ್ತು.

ಸಂಜೆ ಫೋಟೋ ಹಾಕಿದೆ. "ತಾಯಿ" ಎಂದು ಅಡಿಬರಹ. ಬುಧವಾರದ ಹೊತ್ತಿಗೆ ನಾಲ್ಕು ಸಾವಿರ ಲೈಕು. ಎಂಥ ಕಣ್ಣು ಎಂದರು, ಎಂಥ ಮಮತೆ ಎಂದರು. "ದಯವಿಟ್ಟು ಇವಳನ್ನು ಕೊಲ್ಲಬೇಡಿ, ಇವಳೂ ಒಬ್ಬ ಅಮ್ಮ" ಎಂದು ಒಬ್ಬಾಕೆ ಬರೆದು ಅಳುವ ಮುಖಗಳನ್ನು ಸಾಲಾಗಿ ಹಾಕಿದ್ದರು. ರೇಷ್ಮೆಯೇ ಕ್ರೌರ್ಯ, ಈ ನೊಣ ಪ್ರಕೃತಿಯ ನ್ಯಾಯ ಎಂದು ಇನ್ನೊಬ್ಬರು. ಅವರ ಪ್ರೊಫೈಲ್ ಚಿತ್ರದಲ್ಲಿ ಅವರು ಉಟ್ಟಿದ್ದು ಜರಿ ಅಂಚಿನ ರೇಷ್ಮೆ ಸೀರೆ.

ನಾನು ಸ್ಟುಡಿಯೋದಲ್ಲಿ ಎದೆಯುಬ್ಬಿಸಿ ಇದನ್ನೆಲ್ಲ ಓದುತ್ತಿದ್ದಾಗ ಇವಳ ಫೋನು ಬಂತು. "ಬೇಗ್ ಬನ್ನಿ. ಉಳುದ್ ಮೈಮೇಲ್ ಕಪ್ ಚುಕ್ಕೆ ಕಾಣ್ತಾವೆ."

ಹೋದೆ. ಒಂದಲ್ಲ, ಎರಡಲ್ಲ, ಕೈಯಿಟ್ಟ ತಟ್ಟೆಯಲ್ಲೆಲ್ಲ ಚುಕ್ಕೆಯ ಹುಳ. ಇವಳು ಒಂದೊಂದಾಗಿ ಆರಿಸಿ ಸೋಪಿನ ನೀರಿನ ಬಕೆಟ್ಟಿಗೆ ಹಾಕುತ್ತಿದ್ದಳು. "ಒಸ ಬಲೆ. ನಾನೇ ಒಲ್ದಿದ್ದು. ಎಲ್ ತೂತಾಯ್ತು?" ಎಂದು ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಆಗಲೇ ಹೇಳಬಹುದಿತ್ತು. "ಇಲಿ ಕಡಿದಿರಬೇಕು" ಎಂದೆ.

ಇಲಿ ಎಂಬ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎನ್ನುವುದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವತ್ತು ಮಧ್ಯಾಹ್ನದಿಂದ ಅವಳು ಸೂಜಿ ದಾರ ಹಿಡಿದು ತೂತು ಹುಡುಕಲು ಕೂತಳು. ಸೊಪ್ಪು ಹಾಕುವುದು, ಚುಕ್ಕೆಯ ಹುಳ ಆರಿಸುವುದು, ಉಳಿದ ಹೊತ್ತು ಬಲೆ. ಗುರುವಾರವೂ ಅದೇ, ಶುಕ್ರವಾರವೂ ಅದೇ. ಬಲೆಯ ಕಣ್ಣು ಒಂದಿಷ್ಟು ಸಡಿಲ ಕಂಡಲ್ಲೆಲ್ಲ ಹೊಲಿಗೆ ಹಾಕಿದಳು. ಮೂಲೆ ಕತ್ತಲು ಅಂದಾಗ ನಾನು ಪಕ್ಕದಲ್ಲಿ ಕೂತು ಟಾರ್ಚು ಹಿಡಿದೆ. "ಇಲ್ಲೇನಾದ್ರೂ ಕಾಣ್ತದಾ?" ಎಂದು ಕೇಳುವಳು. "ಇಲ್ಲ" ಎನ್ನುವೆನು. ಅದೊಂದು ನಿಜವನ್ನು ಮಾತ್ರ ಆ ಮೂರು ದಿನ ನಾನು ಹೇಳಿದ್ದು. ನಡುನಡುವೆ ಜೇಬಿನಲ್ಲಿ ಮೊಬೈಲು ಗುಂಯ್ ಅನ್ನುತ್ತಿತ್ತು, ಮೆಚ್ಚುಗೆ ಇನ್ನೂ ಬರುತ್ತಿತ್ತು.

ಶನಿವಾರ ಹುಳ ಹಣ್ಣಾಯಿತು. ಆರಿಸಿ ಉಳಿದದ್ದನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟಳು. ಐದು ದಿನ ಬಿಟ್ಟು ಗೂಡು ಬಿಡಿಸಿದರೆ, ಅರ್ಧಕ್ಕರ್ಧ ತೂತು. ಕೆಳಗೆ ಹಾಸಿದ ಪೇಪರಿನ ಮೇಲೆ ಊಜಿ ಮರಿಗಳು ಹೊರಳಾಡುತ್ತಿದ್ದವು.

ಅಣ್ಣ ಬಂದು ಬಾಗಿಲಲ್ಲಿ ನಿಂತ. ಚಪ್ಪಲಿ ಬಿಟ್ಟಿದ್ದ, ಕಾಲನ್ನೂ ಅದ್ದಿದ. ಒಂದು ಗೂಡು ಎತ್ತಿ ತೂತಿನಲ್ಲಿ ಇಣುಕಿ ನೋಡಿದ. "ನಾಳೀಕೆ ಟ್ರಾಕ್ಟರ್ ಬರ್ತದೆ, ಕಡ್ಡಿ ಕೀಳ್ಸೋದೇ" ಎಂದ. ಇವಳು ತಲೆ ತಗ್ಗಿಸಿಕೊಂಡು, "ತಪ್ ನಂದೇ ಭಾವ. ಬಲೆ ನಾನೇ ಸರ್ಯಾಗ್ ನೋಡ್ಕಳ್ಲಿಲ್ಲ" ಎಂದಳು.

ನನ್ನ ಧೈರ್ಯವನ್ನು ಹೊಗಳಿಕೊಳ್ಳುವಂಥದ್ದೇನೂ ಇಲ್ಲ. ಟ್ರಾಕ್ಟರ್ ಅಂದ ಮೇಲೆ ನನಗೆ ಬಾಯಿ ಬಂತು. "ಬಲೆ ನೆಟ್ಟಗಿತ್ತು. ಬಾಗ್ಲು ತೆಗ್ದೋನು ನಾನು. ಫೋಟೋಗೆ" ಎಂದೆ.

ಅಣ್ಣ ಅರ್ಥವಾಗದೆ ನೋಡಿದ. ಮೊಬೈಲ್ ತೆಗೆದು ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದ. "ಎಷ್ಟ್ ಜನ ಮೆಚ್ಚವ್ರೆ?" ಎಂದ. ಹೇಳಿದೆ. "ಅದ್ರಾಗ್ ಒಬ್ರುನ್ನಾರಾ ಕರ್ಸ್ಲಾ, ಬಂದು ಸೊಪ್ಪು ಕುಯ್ಲಿ" ಎಂದ. ಆಮೇಲೆ ಇವಳ ಕಡೆ ತಿರುಗಿದ. "ನಿನ್ ತಪ್ ಅಲ್ಲ ಅಂದ್ಮೇಲೆ ಕಡ್ಡಿ ಇರ್ಲಿ ಬುಡವ್ವ. ಇನ್ಮ್ಯಾಕೆ ದಿನಾ ಬೆಳಿಗ್ಗೆ ಇವ್ನೇ ಸೊಪ್ಪು ಕುಯ್ತಾನೆ. ಕುಯ್ಯಲಿಲ್ಲ ಅಂದ್ರೆ ನಂಗೇಳು." ಗೂಡನ್ನು ಕೆಳಗಿಟ್ಟು ಹೋದ. ಟ್ರಾಕ್ಟರ್ ಬರಲಿಲ್ಲ.

ಎಲ್ಲ ಇಲ್ಲಿಗೆ ಮುಗಿಯಿತು, ತಪ್ಪು ಒಪ್ಪಿಕೊಂಡೆ, ತೋಟ ಉಳಿಯಿತು ಎಂದು ನನಗೆ ಮೈ ಹಗುರಾಗಿತ್ತು. ಇವಳೊಂದು ಒಳ್ಳೆಯ ಮಾತು ಆಡಿಯಾಳು ಎಂದೂ ಕಾದೆ. ಅವಳು ತೂತಾದ ಗೂಡುಗಳನ್ನು ಬೇರೆ ಮಂಕರಿಗೆ ಹಾಕುತ್ತಾ ಇದ್ದಳು. ಅದು ತುಂಬಿದ ಮೇಲೆ ಕೈ ಒರೆಸಿಕೊಂಡು ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದಳು. ರೇಷ್ಮೆ ಬೆಳೆಗಾರರ ವಾಟ್ಸಾಪ್ ಗುಂಪು. ಯಾರೋ ನಾಗಮಂಗಲದ ಕಡೆಯವರು ನನ್ನ ಫೋಟೋವನ್ನೇ ಹಾಕಿ, "ಊಜಿ ನೊಣ ಹೀಗಿರುತ್ತದೆ, ಎಲ್ಲರೂ ಎಚ್ಚರದಿಂದಿರಿ" ಎಂದು ಬರೆದಿದ್ದರು. ಮದುವೆ ಫೋಟೋಗಳಿಗೆ ಹಾಕುವ ಹಾಗೆ ಮೂಲೆಯಲ್ಲಿ ಅಂದವಾದ ಅಕ್ಷರದಲ್ಲಿ ನನ್ನ ಸ್ಟುಡಿಯೋದ ಹೆಸರು. ಕಸುಬಿನ ಚಟ, ನೊಣಕ್ಕೂ ಹಾಕಿದ್ದೆ. ಫೋಟೋ ಬಂದದ್ದು ಗುರುವಾರ ಬೆಳಿಗ್ಗೆ.

"ಬಲೇಲ್ ತೂತಿಲ್ಲ ಅಂತ ನಂಗೆ ಗುರ್ವಾರ್ಲೇ ಗೊತ್ತಾಯ್ತು" ಎಂದಳು. ದನಿ ಏರಲಿಲ್ಲ. "ಇವತ್ ನಿಜ ಏಳ್ತೀರಾ, ನಾಳೆ ಏಳ್ತೀರಾ ಅಂತ ನಿಮ್ ಮುಂದೇನೇ ಒಲ್ಕಂಡ್ ಕುಂತಿದ್ದೆ."